ಫೋನು ಬಲ್ಲ ಮಕ್ಕಳಿಗೆ ಮಾಸ್ತರರು ಬೇಡವೇ?

“ಈಗಿನ ಹುಡುಗರಿಗೆ ಕಲಿಸುವುದೇನಿದೆ, ಹೊಟ್ಟೆಯಲ್ಲಿದ್ದಾಗಲೇ ಎಲ್ಲ ಕಲಿತು ಬಂದಿರುತ್ತಾರೆ” ಎಂಬ ಮಾತು ಬಂಕಾಪುರದ ಪೇಟೆಯಲ್ಲಿ ನಿತ್ಯವೂ ಕಿವಿಗೆ ಬೀಳುತ್ತದೆ. ತಂದೆಗೆ ತಿಳಿಯದ ಫೋನನ್ನು ಎಂಟು ವರ್ಷದ ಮಗ ನಡೆಸಿ ತೋರಿಸುತ್ತಾನೆ. ಕಿರಾಣಿ ಅಂಗಡಿಯ ಗಲ್ಲಾ ಪೆಟ್ಟಿಗೆಯ ಮೇಲೆ ಹಣ ಪಡೆಯುವ ಕ್ಯೂಆರ್ ಚೀಟಿ ಅಂಟಿಸಿದವನೂ ಮನೆಯ ಹುಡುಗನೇ. ಹಿರಿಯರು ಹಿಗ್ಗುವುದು ಸಹಜ. ಆದರೆ ಈ ಹಿಗ್ಗಿನೊಳಗೆ ಒಂದು ತಪ್ಪು ತಿಳುವಳಿಕೆ ಅಡಗಿದೆ. ಅದರ ಬೆಲೆ ತೆರಬೇಕಾದವರು ದುಡಿಯುವವರ ಮಕ್ಕಳು.

2001ರಲ್ಲಿ ಮಾರ್ಕ್ ಪ್ರೆನ್ಸ್ಕಿ ಎಂಬ ಅಮೆರಿಕದ ಲೇಖಕರು ಇಂಥ ಮಕ್ಕಳನ್ನು ಡಿಜಿಟಲ್ ಲೋಕದಲ್ಲೇ ಹುಟ್ಟಿದವರೆಂದೂ, ಅವರ ಮಾಸ್ತರರನ್ನು ಅಲ್ಲಿಗೆ ವಲಸೆ ಹೋದವರೆಂದೂ ಕರೆದರು. ಮಾತು ಚಂದವಾಗಿದೆ, ನಿಜವೆಷ್ಟು? ಗಿರಣಿಯ ಭೋಂಗಾ ಕೇಳುತ್ತಲೇ ಬೆಳೆದ ಹುಡುಗನಿಗೆ ಪಾಳಿಯ ಹೊತ್ತು ಗೊತ್ತಿರುತ್ತದೆ. ಮಗ್ಗ ನಡೆಸಲು ಬರುತ್ತದೆಯೇ? ಅನುಭವಿಯಾದ ಕಾಮಗಾರನ ಮಗ್ಗುಲಲ್ಲಿ ನಿಂತು, ಎಳೆ ಹರಿದಾಗ ಬೈಸಿಕೊಂಡು, ಕಲಿಯಬೇಕು. ಕೆರೆಯ ದಂಡೆಯಲ್ಲಿ ಹುಟ್ಟಿದ್ದಕ್ಕೇ ಈಜು ಬಂದುಬಿಡುವುದಿಲ್ಲ.

ಲೆಕ್ಕವನ್ನೇ ನೋಡೋಣ. ಹಳ್ಳಿಗಾಡಿನ ಶಾಲಾಮಕ್ಕಳನ್ನು ಪರೀಕ್ಷಿಸುವ ‘ಅಸರ್’ ಸಮೀಕ್ಷೆಯ 2024ರ ವರದಿಯಂತೆ, ದೇಶದಲ್ಲಿ 14ರಿಂದ 16 ವಯಸ್ಸಿನ ನೂರಕ್ಕೆ 82 ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸುವುದು ಗೊತ್ತು. ಅವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ನೂರಕ್ಕೆ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಸ್ವಂತ ಫೋನ್ ಇರುವುದು ಹುಡುಗರಲ್ಲಿ ನೂರಕ್ಕೆ 36 ಮಂದಿಗೆ, ಹುಡುಗಿಯರಲ್ಲಿ 27 ಮಂದಿಗೆ. ಅದೇ ವರದಿಯಂತೆ ಐದನೆಯ ಇಯತ್ತೆಯ ಅರ್ಧದಷ್ಟು ಮಕ್ಕಳಿಗೆ ಎರಡನೆಯ ಇಯತ್ತೆಯ ಪಾಠ ಓದಲು ಬಾರದು. ಬೆರಳು ಓಡುತ್ತದೆ, ಓದು ಓಡುವುದಿಲ್ಲ. ಇದನ್ನು ಜಾಣತನವೆಂದು ಕರೆಯೋಣವೇ?

ಮಾಸ್ತರರಿಲ್ಲದ ಕಲಿಕೆಯ ರುಚಿಯನ್ನು 2020ರಲ್ಲಿ ನಾವೆಲ್ಲ ಕಂಡಿದ್ದೇವೆ. ಕೊರೋನಾದಿಂದ ಶಾಲೆಗಳು ಮುಚ್ಚಿದವು. ಉಳ್ಳವರ ಮಕ್ಕಳಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಯಂತ್ರ. ಕೂಲಿಯವನ ಮನೆಯಲ್ಲಿ ಇದ್ದುದೊಂದೇ ಫೋನು. ಅದು ಬೆಳಗಾದರೆ ಯಜಮಾನನ ಕಿಸೆಯಲ್ಲಿ ಕೆಲಸಕ್ಕೆ ಹೊರಟಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಬಂತು, ಒಳ್ಳೆಯದೇ. ಆದರೆ ಪೆಟ್ಟಿಗೆಯೊಳಗಿನ ಮಾಸ್ತರರಿಗೆ ಮಗು ಪ್ರಶ್ನೆ ಕೇಳುವುದು ಹೇಗೆ? ಕಡೆಗೆ ಆ ಆಗಸ್ಟ್‌ನಲ್ಲಿ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರೇ ಊರೂರಿಗೆ ನಡೆದು ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿದರು. ಯಂತ್ರ ಮುಟ್ಟದ ಕಡೆ ಮನುಷ್ಯ ಮುಟ್ಟಿದ.

ಅಂಗಡಿಕಾರ ಬಂಧುಗಳಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. 2025ರ ಜುಲೈಯಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಸ್ಥರಿಗೆ ನೋಟೀಸು ಕೊಟ್ಟಿತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳವರು ಚೀಟಿ ಕಿತ್ತು ‘ರೋಖ ಮಾತ್ರ’ ಎಂದು ಬರೆದು ತೂಗುಹಾಕಿದರು. ಸರಕು ಮಾರುವವನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು, ಮಾರಾಟದ ಹಣವೂ ನೆಂಟರು ಕಳಿಸಿದ ಹಣವೂ ಒಂದೇ ಖಾತೆಯಲ್ಲಿ ಕಲೆತರೆ ಲೆಕ್ಕ ಬಿಡಿಸುವುದು ಕಷ್ಟವೆಂಬುದು ಚೀಟಿ ಅಂಟಿಸಿದ ಹುಡುಗನಿಗೆ ತಿಳಿದಿತ್ತೇ? ಅವನಿಗೆ ಯಂತ್ರ ಗೊತ್ತಿತ್ತು, ಕಿರ್ದಿ ಗೊತ್ತಿರಲಿಲ್ಲ. ಅಪ್ಪನಿಗೆ ಕಿರ್ದಿ ಗೊತ್ತಿತ್ತು, ಯಂತ್ರ ಗೊತ್ತಿರಲಿಲ್ಲ. ಇಬ್ಬರನ್ನೂ ಒಂದು ಹಲಗೆಯ ಮುಂದೆ ಕೂಡಿಸುವುದೇ ಇಂದಿನ ಶಿಕ್ಷಣದ ಕೆಲಸ.

ಕಲಿಸುವುದರ ಬೆಲೆಯನ್ನು ನಮ್ಮೂರು ಹೊರಗಿನವರಿಂದ ತಿಳಿಯಬೇಕಾಗಿಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣ 898ರಲ್ಲಿ ಪೂಜೆಗೊಂಡದ್ದು ಇದೇ ಬಂಕಾಪುರದಲ್ಲಿ. ಮುಂದಿನ ಶತಮಾನದಲ್ಲಿ ಇಲ್ಲಿದ್ದ ಅಜಿತಸೇನಾಚಾರ್ಯರು ರನ್ನನ ಗುರುಗಳು. ಮುಧೋಳದ ಬಳೆಗಾರರ ಮನೆಯ ಹುಡುಗ ಕವಿಚಕ್ರವರ್ತಿಯಾದ. ಓಲೆಗರಿ ಕೈಗೆ ಸಿಕ್ಕಿದ್ದರಿಂದ ಆದದ್ದಲ್ಲ, ಗುರು ಸಿಕ್ಕಿದ್ದರಿಂದ ಆದದ್ದು.

ನಾವು ಯಂತ್ರದ ವಿರೋಧಿಗಳಲ್ಲ. ಗಿರಣಿಯ ಕಾಮಗಾರನಿಗೆ ಯಂತ್ರದ ಮೇಲೆ ಹಗೆಯಿಲ್ಲ. ಅದು ಯಾರ ಕೈಯಲ್ಲಿದೆ, ಯಾರ ಲಾಭಕ್ಕೆ ತಿರುಗುತ್ತದೆ ಎಂಬುದೇ ಅವನ ಪ್ರಶ್ನೆ. ಫೋನಿಗೂ ಅದೇ ಪ್ರಶ್ನೆ ಸಲ್ಲುತ್ತದೆ. ಪುಕ್ಕಟೆ ಸಿಗುವ ಆಟ, ಪುಕ್ಕಟೆ ಸಿಗುವ ಚಿತ್ರ ನಿಜಕ್ಕೂ ಪುಕ್ಕಟೆಯಲ್ಲ. ಮಗುವಿನ ಹೊತ್ತನ್ನೇ ಜಾಹೀರಾತಿನವರಿಗೆ ಮಾರಿ ಕಂಪನಿ ಗಳಿಸುತ್ತದೆ. ಈ ವ್ಯಾಪಾರದ ಗುಟ್ಟನ್ನು, ಸುಳ್ಳು ಸುದ್ದಿಯನ್ನು ಸೋಸುವ ಬಗೆಯನ್ನು, ಓದಿದ್ದನ್ನು ಸಂಶಯಿಸಿ ವಿಚಾರಿಸುವ ಧೈರ್ಯವನ್ನು ಶಾಲೆ ಕಲಿಸಲಿ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆದ್ದರಿಂದ ಸರಕಾರಕ್ಕೆ ನಮ್ಮ ಒತ್ತಾಯ ಸ್ಪಷ್ಟವಿದೆ. ಸರಕಾರಿ ಶಾಲೆಗಳಲ್ಲಿ ಖಾಲಿಯಿರುವ ಜಾಗಗಳಿಗೆ ಅತಿಥಿ ಶಿಕ್ಷಕರ ತಾತ್ಪೂರ್ತಿಕ ವ್ಯವಸ್ಥೆ ಸಾಕೆನ್ನದೆ ಕಾಯಂ ಮಾಸ್ತರರನ್ನು ನೇಮಿಸಲಿ. ಗಣಕಯಂತ್ರ ಕೊಡುವಲ್ಲಿ ಕಲಿಸುವವರನ್ನೂ ಕೊಡಲಿ. ಪಾಠದ ಫೋನಿನಲ್ಲಿ ಹುಡುಗಿಗೂ ಸಮನಾದ ಪಾಲು ಸಿಗಲಿ.

ಓದುಗ ಬಂಧುಗಳಿಗೂ ಒಂದು ಮಾತು. ಇಂದು ಸಂಜೆ ಅಂಗಡಿಯ ಬಾಗಿಲು ಹಾಕಿದ ಮೇಲೆ, ಅಥವಾ ಪಾಳಿ ಮುಗಿಸಿ ಬಂದ ಮೇಲೆ, ಮಗನನ್ನೂ ಮಗಳನ್ನೂ ಹತ್ತಿರ ಕೂಡಿಸಿಕೊಳ್ಳಿರಿ. ಅವರು ನಿಮಗೆ ಫೋನು ಕಲಿಸಲಿ, ನೀವು ಅವರಿಗೆ ಕಿರ್ದಿ ಕಲಿಸಿರಿ. ಮರುದಿನ ಶಾಲೆಗೆ ಹೋಗಿ, ಎಷ್ಟು ಜಾಗ ಖಾಲಿಯಿವೆ ಎಂದು ಕೇಳಿ ಬನ್ನಿರಿ.