ಅಪ್ಪನ ಯೆಜ್ಡಿಯೂ ಇಪ್ಪತ್ತು ಪರ್ಸೆಂಟೂ

ಹೋದ ಮಳೆಗಾಲದಲ್ಲಿ ನಮ್ಮನೆಯ ಯೆಜ್ಡಿ ಟ್ಯಾಂಕು ತಳದಲ್ಲಿ ಜಿನುಗತೊಡಗಿತು. ಅಪ್ಪ 1979ರಲ್ಲಿ ಕೊಂಡ ಗಾಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಇವತ್ತು ಇದಕ್ಕೆ ಹೊಸ ಟ್ಯಾಂಕು ಅಂದರೆ ಯಾರೋ ತಗಡು ಬಡಿದು ಮಾಡಿದ ನಕಲು. ಇದ್ದದ್ದನ್ನೇ ಉಳಿಸಿಕೊಳ್ಳೋಣ ಅಂತ ಹಿತ್ತಿಲಲ್ಲಿ ಕೂತೆ.

ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ಇಟ್ಟಿಗೆ ಬಣ್ಣದ ರಾಡಿ. ಬಗ್ಗಿಸಿದಾಗ ಮೊದಲು ಬಂದದ್ದು ಪೆಟ್ರೋಲಲ್ಲ, ಮಬ್ಬು ನೀರು. ಅನುಮಾನ ಬಂದು ಬಂಕಿನಿಂದ ತಂದ ಪೆಟ್ರೋಲನ್ನೇ ಪರೀಕ್ಷೆ ಮಾಡಿದೆ. ಮಗಳ ಲ್ಯಾಬಿನ ಅಳತೆ ಜಾಡಿಗೆ 10 ಮಿಲಿ ನೀರು, ಮೇಲೆ 90 ಮಿಲಿ ಪೆಟ್ರೋಲು. ಅಲುಗಾಡಿಸಿ ಇಟ್ಟರೆ ಕೆಳಗಿನ ಪದರ 28ರ ಹತ್ತಿರ ಬಂದು ನಿಂತಿತು. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಹೋಗಿತ್ತು. ಟ್ಯಾಂಕಿನೊಳಗೆ ತೇವ ಸೇರಿದರೂ ಆಗುವುದು ಇದೇ: ನೀರು, ಎಥೆನಾಲ್ ಎರಡೂ ತಳಕ್ಕೆ ಇಳಿದು ಕಬ್ಬಿಣವನ್ನು ತಿನ್ನುತ್ತವೆ. ತಿಂಗಳುಗಟ್ಟಲೆ ನಿಂತ ಗಾಡಿಗೆ ಎಥೆನಾಲ್ ಇಲ್ಲದಿದ್ದರೂ ತುಕ್ಕು ಹಿಡಿಯುತ್ತದೆ, ಒಪ್ಪುತ್ತೇನೆ. ಆದರೆ ಹಿಡಿಯುವ ತುಕ್ಕಿಗೆ ನಾವೇ ದುಡ್ಡು ಕೊಟ್ಟು ನೀರು ಹೀರುವ ಮಾಲು ತಂದು ಹಾಕಬೇಕೆ?

20 ಪರ್ಸೆಂಟ್ ಎಥೆನಾಲಿನ ಈ ಪೆಟ್ರೋಲಿಗೆ ಚಾಲನೆ ಕೊಟ್ಟದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. 2030ಕ್ಕೆ ಅಂದಿದ್ದ ಗುರಿಯನ್ನು 2025ಕ್ಕೆ ಎಳೆದುಕೊಂಡರು. ಕಬ್ಬು ಬೆಳೆವ ಮಂಡ್ಯದ ರೈತನಿಗೆ ನಾಲ್ಕು ಕಾಸು ಬರಲಿ, ಹೊರದೇಶಕ್ಕೆ ಹೋಗುವ ಡಾಲರ್ ಉಳಿಯಲಿ, ನನ್ನ ತಕರಾರಿಲ್ಲ. ತಕರಾರು ಆಯ್ಕೆಯದ್ದು. ಬಂಕಿನಲ್ಲಿ ಮಾಮೂಲಿ ಪೆಟ್ರೋಲ್ ಕೇಳಿದರೆ ಇದೊಂದೇ. ಇಂಥದ್ದೇ ಕೋರಿಕೆ ಹೊತ್ತ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹಳೆಯ ಗಾಡಿಗಳಲ್ಲಿ 20–30 ಸಾವಿರ ಕಿಲೋಮೀಟರಿನ ನಂತರ ಕೆಲವು ರಬ್ಬರು, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅಗ್ಗದ ಕೆಲಸ ಅಂದಿತು ಸಚಿವಾಲಯ. ಕಾರ್ಖಾನೆಯೇ ಇಲ್ಲದ ಗಾಡಿಯ ಟ್ಯಾಂಕಿನ ಮಾತು ಅಲ್ಲಿಲ್ಲ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿ ತಯಾರಕರು ಕೊಟ್ಟ ವಿವರಕ್ಕೆ ತಕ್ಕಂತೆ ಇರಬೇಕು. ಅನುಮತಿ ಇಲ್ಲದೆ ಮಾರ್ಪಾಡು ಮಾಡಿದರೆ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸ್ಟೀಲಿನ ಟ್ಯಾಂಕು ಮಾಡಿಸಿ ಕೂರಿಸಬಹುದೇ ಅಂತ ಕೌಂಟರಿನಲ್ಲಿ ಕೇಳಿದೆ. "ಇದ್ದ ಹಾಗೇ ಇಟ್ಕೊಳ್ಳಿ ಸಾರ್" ಅಂದರು. ಇದ್ದ ಹಾಗೆ ಇಟ್ಟುಕೊಳ್ಳಲು ನಾನು ರೆಡಿ, ಪೆಟ್ರೋಲನ್ನು ಇದ್ದ ಹಾಗೆ ಇಟ್ಟವರು ಯಾರು?

ಹೀಗಾಗಿ ಎಲ್ಲರೂ ಹಿತ್ತಿಲಿಗೆ ಬಂದೆವು. ಇಲ್ಲಿ ನಮ್ಮವರ ಮೇಲೂ ನನಗೆ ಸಿಟ್ಟಿದೆ. "ಖಾಲಿ ಟ್ಯಾಂಕು ತಾನೆ" ಅಂತ ಗ್ಯಾಸ್ ಬೆಸುಗೆ ಹಿಡಿದ ನನ್ನ ಸ್ನೇಹಿತನ ಎಡಗೈ ಚರ್ಮ ಮೊಣಕೈವರೆಗೆ ಈಗಲೂ ಎಳೆದ ಹಾಗಿದೆ. ಭರ್ತಿ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಘಾತುಕ. ಉರಿಯುವುದು ದ್ರವವಲ್ಲ, ಆವಿ. ಗಾಳಿಯಲ್ಲಿ ಒಂದೂವರೆ ಪರ್ಸೆಂಟಿನಷ್ಟಿದ್ದರೆ ಸಾಕು ಹೊತ್ತಿಕೊಳ್ಳಲು. ಗಾಳಿಗಿಂತ ಭಾರವಾದ್ದರಿಂದ ಅದು ಮೂಲೆಯಲ್ಲಿ ಕೂತಿರುತ್ತದೆ. ಒಂದು ಸಲ ನೀರು ತುಂಬಿ ಚೆಲ್ಲಿದರೆ ಹೋಗುವುದಿಲ್ಲ. ಎದೆಗಾರಿಕೆ ತೋರಿಸುವ ವಿಡಿಯೋದವರು ಇದನ್ನು ಹೇಳುವುದಿಲ್ಲ.

ನಾನು ಬೆಂಕಿ ಮುಟ್ಟಲಿಲ್ಲ. ವಿನೆಗರ್ ತುಂಬಿ ಎರಡು ದಿನ ಬಿಟ್ಟೆ, ನಟ್ಟು ಬೋಲ್ಟು ಹಾಕಿ ಕುಲುಕಿದೆ, ಅಡುಗೆ ಸೋಡಾದ ನೀರಿನಲ್ಲಿ ತೊಳೆದೆ, ಬಿಸಿಲಿಗೆ ಒಣಗಿಸಿ ಒಳಗೆ ಎಪಾಕ್ಸಿ ಸವರಿದೆ. ಎಲ್ಲ ಎಪಾಕ್ಸಿಯೂ ಎಥೆನಾಲಿಗೆ ನಿಲ್ಲದು, ಅದಕ್ಕೆ ತಡೆಯುವುದೇ ಬೇಕು. ಹಳೆಯ ಲೇಪ ಸಿಪ್ಪೆಯಂತೆ ಎದ್ದು ಕಾರ್ಬೊರೇಟರ್ ಕಟ್ಟಿದ್ದನ್ನು ನೋಡಿದ್ದೇನೆ.

ಹಳೆ ಗಾಡಿ ಗುಜರಿಗೆ ಹಾಕಿ ಅನ್ನುವವರಿಗೆ ಗೊತ್ತಿಲ್ಲ, ನಮ್ಮ ಓಣಿಯಲ್ಲಿ ಹಾಲು ಹಾಕುವವರದ್ದೂ ತರಕಾರಿ ಮಾರುವವರದ್ದೂ ಹದಿನೈದು ವರ್ಷದ ಗಾಡಿಗಳೇ. ನನ್ನದು ಶೋಕಿ, ಅವರದ್ದು ಹೊಟ್ಟೆಪಾಡು. ಜಿಲ್ಲೆಗೊಂದು ಬಂಕಿನಲ್ಲಾದರೂ ಕಡಿಮೆ ಎಥೆನಾಲಿನ ಒಂದು ಪಂಪು ಇರಲಿ, ಪಂಪಿನ ಮೇಲೆ ಪ್ರಮಾಣ ದೊಡ್ಡದಾಗಿ ಬರೆದಿರಲಿ. ಐಟಿಐಗಳಲ್ಲಿ ಟ್ಯಾಂಕು ತೊಳೆದು ಬೆಸೆದು ಕೊಡುವ ವ್ಯವಸ್ಥೆ ಆದರೆ ಯಾರೂ ಕೈ ಸುಟ್ಟುಕೊಳ್ಳಬೇಕಿಲ್ಲ.

ಅಲ್ಲಿಯವರೆಗೆ ಬಂಕಿನ ಹುಡುಗ "ಫುಲ್ಲಾ ಸಾರ್?" ಅಂದರೆ ಎರಡೇ ಲೀಟರು ಹಾಕಿಸುತ್ತೇನೆ. ಭಾನುವಾರ ಪೆಟ್ರೋಲ್ ಕಾಕ್ ಕೆಳಗೆ ಗಾಜಿನ ಲೋಟ ಹಿಡಿದು ತಳ ನೋಡುತ್ತೇನೆ.