ಡಾಕ್ಟ್ರು ಇನ್ನು ಡಾಕ್ಟ್ರಲ್ಲ ಎಂದಾಗ

ಮದುವೆಮನೆಯಲ್ಲಿ ಯಾರಿಗೋ ತಲೆಸುತ್ತು ಬಂದರೆ ಎಲ್ಲರೂ ನೆಂಟರಲ್ಲಿರುವ ಡಾಕ್ಟರ ಕಡೆ ತಿರುಗುತ್ತಾರೆ. ಅವರು ವೃತ್ತಿ ಬಿಟ್ಟು ಮೂರು ವರ್ಷವಾಗಿದ್ದರೂ ತಿರುಗುತ್ತಾರೆ. ವೈದ್ಯಕೀಯ ಬಿಟ್ಟವರ ಕಷ್ಟ ಶುರುವಾಗುವುದು ಇಲ್ಲಿಯೇ: ಕೆಲಸ ಹೋಗಿದೆ, ಊರು ಕರೆಯುವ ಹೆಸರು ಹೋಗಿಲ್ಲ.

ಆ ಹೆಸರು ಮೈಗೂಡಿದ್ದೂ ನಿಧಾನವಾಗಿಯೇ. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್, ಎಂ.ಡಿ. ಅಥವಾ ಎಂ.ಎಸ್. ಸೇರಿದರೆ ಮತ್ತೆ 3 ವರ್ಷ. ‘ನಾನು ಯಾರು’ ಎಂಬುದು ಗಟ್ಟಿಯಾಗುವ ಪ್ರಾಯವೆಲ್ಲ ವಾರ್ಡು, ರಾತ್ರಿ ಪಾಳಿಗಳಲ್ಲೇ ಕಳೆಯುತ್ತದೆ. ಹೀಗೆ ಹೆಣೆದುಕೊಂಡದ್ದನ್ನು ರಾಜೀನಾಮೆ ಪತ್ರವೊಂದು ಬಿಡಿಸಲಾರದು.

ಅಮೆರಿಕದ ಸಮಾಜಶಾಸ್ತ್ರಜ್ಞೆ ಹೆಲೆನ್ ರೋಸ್ ಎಬಾ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಒಂದು ಕಾಲಕ್ಕೆ ಅವರೂ ಕ್ರೈಸ್ತ ಸನ್ಯಾಸಿನಿಯಾಗಿದ್ದವರು. ಮಾಜಿ ವೈದ್ಯರು, ಮಾಜಿ ಪೊಲೀಸರು, ಮಾಜಿ ಸನ್ಯಾಸಿನಿಯರು ಸೇರಿದಂತೆ 185 ಮಂದಿಯನ್ನು ಮಾತಾಡಿಸಿ 1988ರಲ್ಲಿ ಪುಸ್ತಕ ಬರೆದರು. ಅವರು ಕಂಡಂತೆ ಈ ದಾರಿಯಲ್ಲಿ ನಾಲ್ಕು ಘಟ್ಟಗಳಿವೆ: ಮೊದಲು ಸಂಶಯ, ನಂತರ ಬೇರೆ ದಾರಿಯ ಹುಡುಕಾಟ, ಆಮೇಲೆ ತಿರುವು, ಕೊನೆಗೆ ‘ಮಾಜಿ’ಯಾಗಿ ಬದುಕಲು ಕಲಿಯುವುದು. ನಾಲ್ಕನೆಯ ಘಟ್ಟದಲ್ಲೂ ಹಳೆಯ ಗುರುತಿನ ಒಂದಂಶ ಉಳಿದುಬಿಡುತ್ತದೆ. ಇಂಗು ಖಾಲಿಯಾದರೂ ಡಬ್ಬಿಯಲ್ಲಿ ಘಮ ಉಳಿದಂತೆ.

ಮರಾಠಿ ರಂಗಭೂಮಿಯ ಶ್ರೀರಾಮ ಲಾಗೂ ಅವರನ್ನು ನೋಡಿ. ಪುಣೆಯಲ್ಲಿ, ಮುಂದೆ ಟಾಂಜಾನಿಯಾದಲ್ಲಿ ಕಿವಿ-ಮೂಗು-ಗಂಟಲಿನ ಶಸ್ತ್ರವೈದ್ಯರಾಗಿದ್ದ ಅವರು 1969ರಲ್ಲಿ, ನಲವತ್ತು ದಾಟಿದ ಮೇಲೆ, ಪೂರ್ಣಾವಧಿ ನಟರಾದರು. ವಿದ್ಯಾರ್ಥಿ ದಿನಗಳಿಂದಲೇ ಹವ್ಯಾಸಿ ರಂಗದಲ್ಲಿದ್ದುದರಿಂದ ಹೊಸ ಗುರುತಿನ ಅಭ್ಯಾಸ ಹಳೆಯದರ ಜೊತೆಯಲ್ಲೇ ನಡೆದಿತ್ತು. ಮರುವರ್ಷವೇ ‘ನಟಸಾಮ್ರಾಟ್’ ನಾಟಕದಲ್ಲಿ ಅವರಿಗೆ ಸಿಕ್ಕಿದ್ದು ರಂಗದಿಂದ ನಿವೃತ್ತನಾಗಿ ನೆಲೆ ಕಳೆದುಕೊಳ್ಳುವ ಮುದಿನಟನ ಪಾತ್ರ. ವೃತ್ತಿ ಕಳಚಿದವನ ಒಳಗನ್ನು ಅವರಷ್ಟು ಹತ್ತಿರದಿಂದ ಬಲ್ಲ ನಟರು ಎಷ್ಟು ಮಂದಿ ಇದ್ದಾರು?

2019ರಲ್ಲಿ ತೀರಿಕೊಳ್ಳುವವರೆಗೂ ಜನ ಅವರನ್ನು ‘ಡಾ. ಲಾಗೂ’ ಎಂದೇ ಕರೆದರು. ಹಳೆಯ ಹೆಸರನ್ನು ಅಳಿಸಿಯೇ ಹೊಸದನ್ನು ಬರೆಯಬೇಕೆಂದಿಲ್ಲ ಎಂದು ನನಗನ್ನಿಸುವುದು ಇದರಿಂದಲೇ. ರೋಗಿಯ ಮಾತನ್ನು ತಾಳ್ಮೆಯಿಂದ ಕೇಳಿ ರೂಢಿಯಾದ ಕಿವಿ ಪಾಠಶಾಲೆಯಲ್ಲೂ ತೋಟದಲ್ಲೂ ಕೆಲಸಕ್ಕೆ ಬರುತ್ತದೆ. ಮನೆಯವರು, ನೆಂಟರು ಮಾಡಬಹುದಾದದ್ದೂ ಒಂದಿದೆ. ‘ಅಷ್ಟೆಲ್ಲ ಓದಿ ಯಾಕೆ ಬಿಟ್ಟೆ?’ ಎಂಬ ಪ್ರಶ್ನೆ ವೃತ್ತಿ ಬಿಟ್ಟವರ ಕಿವಿಗೆ ಈಗಾಗಲೇ ಸಾಕಷ್ಟು ಸಲ ಬಿದ್ದಿದೆ. ಈ ಸಲ ಭೇಟಿಯಾದಾಗ, ಈಗ ಏನು ಮಾಡುತ್ತಿದ್ದೀಯ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕೂತಿರಿ.