ಒಂದೇ ಊರು, ಒಂದೇ ಸಾಲಿ



ಸುರಪುರ ತಾಲ್ಲೂಕಿನ ನಿಮ್ಮೂರ ಸರಕಾರಿ ಸಾಲಿಯ ಹಾಜರಿ ಪುಸ್ತಕವನ್ನು ಒಮ್ಮೆ ತೆರೆಸಿ ನೋಡಿ. ಯಾರ ಮಕ್ಕಳ ಹೆಸರಿವೆ, ಯಾರ ಮಕ್ಕಳ ಹೆಸರಿಲ್ಲ? ದಲಿತ ಕೇರಿಯ ಮಕ್ಕಳು, ಬೇಡ ಸಮಾಜದ ಬಡವರ ಮಕ್ಕಳು, ತಾಂಡಾದವರು, ಗುಳೆ ಹೋಗಿ ಬರುವವರ ಮಕ್ಕಳು ಅಲ್ಲಿದ್ದಾರೆ. ನೀರಾವರಿ ಹೊಲ, ಅಂಗಡಿ, ನೌಕರಿ ಇದ್ದವರ ಮಕ್ಕಳು ಮುಂಜಾನೆ ವ್ಯಾನ್ ಹತ್ತಿ ಕಾನ್ವೆಂಟಿಗೆ ಹೋಗುತ್ತಾರೆ. ನೀ ಬರಬೇಡ ಎಂದು ಯಾರೂ ಯಾರಿಗೂ ಹೇಳಿಲ್ಲ. ಆದರೂ ಒಂದೇ ಓಣಿಯ ಮಕ್ಕಳು ಒಬ್ಬರ ಪಕ್ಕ ಒಬ್ಬರು ಕೂಡದೆ ಬೆಳೆಯುತ್ತಿದ್ದಾರೆ.

ಹಿಂದೆ ಬಾಯಿಬಿಟ್ಟೇ ಹೇಳುತ್ತಿದ್ದರು. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಮಹಾರ್ ಜಾತಿಯ ಹುಡುಗನೊಬ್ಬ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದ. ನ್ಯಾಯ ಹುಡುಗನ ಕಡೆಗಿದೆ ಎಂದು ಸರಕಾರ ಒಪ್ಪಿಕೊಂಡಿತು. ಆದರೆ ಅವನೊಬ್ಬನಿಗಾಗಿ ಉಳಿದವರಿಗೆ ಶಾಲೆ ಬೇಡವಾಗುವಂತೆ ಮಾಡಲಾರೆವೆಂದು ಕೈಚೆಲ್ಲಿತು. ಆ ಹುಡುಗ ಹೊರಗೇ ಉಳಿದ. ಮುಂದೆ ಸಂವಿಧಾನ ಬಂತು, ಬಾಗಿಲು ತೆರೆಯಿತು. ಅವನಂಥವರು ಒಳಗೆ ಬಂದರು. ಅನುಕೂಲಸ್ಥರು ಒಬ್ಬೊಬ್ಬರಾಗಿ ಎದ್ದು ಹೋದರು. ಅಂದು ತಡೆದದ್ದು ಜಾತಿ, ಇಂದು ತಡೆಯುವುದು ಫೀಸು. ನಮ್ಮ ಭಾಗದಲ್ಲಿ ಫೀಸು ಕಟ್ಟಲಾಗದವರು ಬಹುತೇಕ ಯಾವ ಕೇರಿಯವರೆಂದು ನಿಮಗೇ ಗೊತ್ತು.

ಅಮೆರಿಕದಲ್ಲಿ ಹೀಗೆ ಎದ್ದು ಹೋಗುವುದು ಇನ್ನೂ ಬಹಿರಂಗವಾಗಿ ನಡೆಯಿತು. ಕರಿಯರಿಗೆ ಬೇರೆ, ಬಿಳಿಯರಿಗೆ ಬೇರೆ ಶಾಲೆ ಇರಕೂಡದೆಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದನ್ನು ಪಾಲಿಸುವ ಬದಲು ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು 1959ರಲ್ಲಿ ಸರಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟರು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಎದ್ದು ನಿಂತಿತು. ಕರಿಯರ ಮಕ್ಕಳಲ್ಲಿ ಬಹಳ ಮಂದಿ 1964ರವರೆಗೆ, ಐದು ವರ್ಷ, ಶಾಲೆಯ ಮುಖ ನೋಡಲಿಲ್ಲ.

ಇಲ್ಲಿ ಕಾನ್ವೆಂಟಿಗೆ ಕಳಿಸುವವರೆಲ್ಲ ಜಾತಿ ನೋಡಿ ಕಳಿಸುತ್ತಾರೆಂದು ನಾವು ಹೇಳುವುದಿಲ್ಲ. ಇಂಗ್ಲಿಷ್ ಬರಲಿ, ಮಾಸ್ತರರು ದಿನಾ ಬರಲಿ ಎಂಬ ಆಸೆ ಅವರದು. ಬೆಂಗಳೂರಿನಲ್ಲಿ ಇಟ್ಟಿಗೆ-ಸಿಮೆಂಟ್ ಹೊತ್ತು ಫೀಸು ಕಟ್ಟುವ ತಾಯಿಯನ್ನು ದೂರುವ ಬಾಯಿ ನಮಗಿಲ್ಲ. ಆದರೆ ಊರಲ್ಲಿ ಮಾತು ನಡೆಯುವವರ ಮಕ್ಕಳೇ ಸರಕಾರಿ ಸಾಲಿಯಲ್ಲಿ ಇಲ್ಲದಾಗ, ಖಾಲಿ ಹುದ್ದೆ ತುಂಬಿಸಿರೆಂದು ಬಿಇಓ ಕಚೇರಿಗೆ ಹೋಗಿ ಕೂಡುವವರು ಯಾರು? 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯಕ್ಕೆಲ್ಲ ಕಡಿಮೆ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲೂ ನಮ್ಮದೇ ಕಡೆಯ ಸ್ಥಾನ.

ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಈ ಹಿಂದುಳಿದ ಜಿಲ್ಲೆಗಳಲ್ಲೇ. ಹೊಟ್ಟೆ ತುಂಬಿಸುವುದರ ಜೊತೆಗೆ ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದನ್ನೂ ಅದು ಕಲಿಸಬೇಕಿತ್ತು. ಉಳ್ಳವರ ಮಕ್ಕಳು ಟಿಫಿನ್ ಡಬ್ಬಿ ಹಿಡಿದು ಬೇರೆ ಊರಿಗೆ ಹೋದ ಮೇಲೆ ಆ ಪಂಕ್ತಿಯಲ್ಲಿ ಉಳಿದವರು ಯಾರು? ತಿಂಥಣಿ ಮೌನೇಶ್ವರನ ಜಾತ್ರೆಗೆ ಹಿಂದೂ-ಮುಸ್ಲಿಮರೆನ್ನದೆ ಕೂಡಿ ಹೋಗುವ ಜನ ನಾವು. ಮಕ್ಕಳನ್ನು ಮಾತ್ರ ಯಾಕೆ ಬೇರೆ ಕೂಡಿಸುತ್ತಿದ್ದೇವೆ?

2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಶೇ. 25 ಸೀಟುಗಳನ್ನು ಬಡ, ವಂಚಿತ ಮಕ್ಕಳಿಗೆ ಮೀಸಲಿಟ್ಟಿತ್ತು. 2012ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆದರೆ 2019ರಲ್ಲಿ ನಮ್ಮ ರಾಜ್ಯ ಸರಕಾರ ನಿಯಮ ತಿದ್ದಿ, ಸಮೀಪದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅನುದಾನರಹಿತ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಎಂದಿತು. ಸರಕಾರಿ ಸಾಲಿ ಇಲ್ಲದ ಊರು ಎಷ್ಟಿವೆ? ಬಡ ಮಕ್ಕಳಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿಹೋಯಿತು.

ಆ ತಿದ್ದುಪಡಿಯನ್ನು ಹಿಂತೆಗೆದುಕೊಳ್ಳಬೇಕು. ಅದಕ್ಕಿಂತ ದೊಡ್ಡ ಕೆಲಸ ಸರಕಾರಿ ಸಾಲಿಯನ್ನು ಎಲ್ಲರ ಸಾಲಿ ಮಾಡುವುದು. 1964-66ರ ಕೊಠಾರಿ ಆಯೋಗ ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಓದಬೇಕೆಂದು ಸೂಚಿಸಿತ್ತು. ಸರಕಾರದ ಸಂಬಳ ಪಡೆಯುವವರ ಮಕ್ಕಳು ಸರಕಾರಿ ಶಾಲೆಯಲ್ಲೇ ಓದಬೇಕೆಂದು 2015ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿತು. ನಮ್ಮ ಮಾಸ್ತರರು, ಪಿಡಿಓಗಳು, ಪಂಚಾಯ್ತಿ ಸದಸ್ಯರು ಆದೇಶಕ್ಕೆ ಕಾಯದೆ ತಾವೇ ಮೊದಲು ಸೇರಿಸಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಸರಕಾರಿ ಸಾಲಿಗೆ ಕೋಣೆ, ಶೌಚಾಲಯ ಮೊದಲು ಆಗಲಿ. ಅತಿಥಿ ಶಿಕ್ಷಕರ ಜಾಗಕ್ಕೆ ಕಾಯಂ ಶಿಕ್ಷಕರು ಬರಲಿ. ಒಂದನೇ ತರಗತಿಯಿಂದಲೇ ಕನ್ನಡದ ಜೊತೆ ಒಳ್ಳೆಯ ಇಂಗ್ಲಿಷ್ ಕಲಿಸಲಿ.

ಬರುವ ಗ್ರಾಮಸಭೆಗೆ ಗಂಡಸರಷ್ಟೇ ಹೋಗಬೇಡಿ, ಅವ್ವಂದಿರನ್ನೂ ಕರೆದುಕೊಂಡು ಹೋಗಿ. ಸಾಲಿಯಲ್ಲಿ ಎಷ್ಟು ಹುದ್ದೆ ಖಾಲಿ ಇವೆಯೆಂದು ಶಾಲಾಭಿವೃದ್ಧಿ ಸಮಿತಿಯಿಂದ (ಎಸ್‌ಡಿಎಂಸಿ) ಬರೆಸಿಕೊಳ್ಳಿ. ಈ ಬೇಡಿಕೆಗಳನ್ನು ಠರಾವು ಪುಸ್ತಕದಲ್ಲಿ ಬರೆಯುವವರೆಗೆ ಸಭೆ ಬಿಟ್ಟು ಏಳಬೇಡಿ.